ಬಿಸಿಲಿಗೆ ಮುಂಚೆ ಊರು ಸಜ್ಜಾಗುವುದು ಹೇಗೆ? ಕಲಬುರಗಿ ಸೀಮೆಯ ಹಳ್ಳಿಗಳಿಗೊಂದು ಬೇಸಿಗೆ ಕೈಪಿಡಿ

ಹೊಳೆ ಉಕ್ಕಿ ಊರೊಳಗೆ ನುಗ್ಗಿದರೆ ಎಲ್ಲರ ಕಣ್ಣಿಗೂ ಬೀಳುತ್ತದೆ. ದೋಣಿ ಬರುತ್ತದೆ, ಕಾಳಜಿ ಕೇಂದ್ರ ತೆರೆಯುತ್ತದೆ. ಬಿಸಿಲಿಗೆ ಇಂಥ ಸದ್ದುಗದ್ದಲವಿಲ್ಲ. ತಗಡಿನ ಮನೆಯಲ್ಲಿ ಒಬ್ಬರೇ ಇದ್ದ ಅಜ್ಜಿ ಮಧ್ಯಾಹ್ನ ಮಲಗಿದವರು ಸಂಜೆ ಏಳುವುದಿಲ್ಲ. ‘ವಯಸ್ಸಾಗಿತ್ತು’ ಎನ್ನುತ್ತಾರೆ, ಮಣ್ಣು ಮಾಡಿ ಬರುತ್ತಾರೆ. ಹೊಲದಲ್ಲಿ ಕುಸಿದ ಗಂಡಸಿಗೆ ‘ಹಾರ್ಟ್ ಅಟ್ಯಾಕ್’ ಎಂದು ಹೆಸರಾಗುತ್ತದೆ. 2010ರ ಮೇ ತಿಂಗಳಲ್ಲಿ ಅಹಮದಾಬಾದಿನಲ್ಲಿ ಆದದ್ದೂ ಇದೇ. ಸಾವಿನ ನೋಂದಣಿಗಳನ್ನು ಆಮೇಲೆ ಕೂಡಿಸಿ ನೋಡಿದಾಗ, ಆ ಒಂದೇ ತಿಂಗಳಲ್ಲಿ ವಾಡಿಕೆಗಿಂತ 1,344 ಸಾವು ಹೆಚ್ಚಾಗಿದ್ದವು. ಆ ಪೆಟ್ಟಿನಿಂದ ಪಾಠ ಕಲಿತ ನಗರ 2013ರಲ್ಲಿ ದೇಶದ ಮೊದಲ ಬಿಸಿಗಾಳಿ ಕ್ರಿಯಾಯೋಜನೆ ಮಾಡಿಕೊಂಡಿತು. ಅದರಲ್ಲಿ ದುಬಾರಿ ಯಂತ್ರಗಳೇನೂ ಇರಲಿಲ್ಲ. ಮುನ್ನೆಚ್ಚರಿಕೆಯನ್ನು ಮನೆಮನೆಗೆ ಮುಟ್ಟಿಸುವುದು, ಕುಡಿಯುವ ನೀರು, ನೆರಳು, ಆಸ್ಪತ್ರೆಯ ಸಿದ್ಧತೆ, ಇಷ್ಟೇ.

ಇಷ್ಟನ್ನು ಒಂದು ಗ್ರಾಮ ಪಂಚಾಯಿತಿಯೂ ಮಾಡಬಹುದು. ಹವಾಮಾನ ಇಲಾಖೆಯ ಲೆಕ್ಕದಲ್ಲಿ 1901ರಿಂದೀಚೆಗೆ ದೇಶ ಕಂಡ ಅತಿ ಬಿಸಿಯ ವರ್ಷ 2024. ಕಲಬುರಗಿ, ರಾಯಚೂರು, ಯಾದಗಿರಿ, ವಿಜಯಪುರದ ಹಳ್ಳಿಗಳು ಬಿಸಿಲಿಗೆ ಹೊಸಬರಲ್ಲ. ಆದರೆ ಅಜ್ಜನ ಕಾಲದ ದಪ್ಪ ಗೋಡೆಯ ಮಾಳಿಗೆ ಮನೆ ಹೋಗಿ ತಗಡು, ಸಿಮೆಂಟ್ ಶೀಟು ಬಂದಿವೆ. ಊರಿನ ಹರೆಯದವರು ಬೆಂಗಳೂರು, ಪುಣೆ, ಹೈದರಾಬಾದಿಗೆ ದುಡಿಯಲು ಹೋಗಿ ಮನೆಯಲ್ಲಿ ಮುದುಕರಷ್ಟೇ ಉಳಿದಿದ್ದಾರೆ. ‘ನಮಗೆ ಬಿಸಿಲು ರೂಢಿ’ ಎಂಬ ಮಾತನ್ನು ಈಗ ನಂಬಿ ಕೂರುವಂತಿಲ್ಲ. ಇಲ್ಲಿ ಹೇಳಿರುವ ಹೆಚ್ಚಿನ ಕೆಲಸ ಫೆಬ್ರುವರಿ ಮುಗಿಯುವುದರೊಳಗೆ ಆಗಬೇಕು.

ಮೊದಲು ಅಂಕಿ ಓದುವುದನ್ನು ಕಲಿಯಿರಿ

ಬಯಲುಸೀಮೆಯಲ್ಲಿ ಗರಿಷ್ಠ ತಾಪಮಾನ 40 ಡಿಗ್ರಿ ಮುಟ್ಟಿ, ಆ ದಿನದ ವಾಡಿಕೆಗಿಂತ 4.5 ಡಿಗ್ರಿಯಾದರೂ ಹೆಚ್ಚಿದ್ದರೆ ಹವಾಮಾನ ಇಲಾಖೆ ಅದನ್ನು ಬಿಸಿಗಾಳಿ ಎಂದು ಪರಿಗಣಿಸುತ್ತದೆ. ಹೆಚ್ಚಳ 6.4 ದಾಟಿದರೆ ತೀವ್ರ ಬಿಸಿಗಾಳಿ. ವಾಡಿಕೆ ಎಷ್ಟೇ ಇರಲಿ, 45 ಮುಟ್ಟಿದರೆ ಬಿಸಿಗಾಳಿ, 47 ಮುಟ್ಟಿದರೆ ತೀವ್ರ.

ನಮ್ಮ ಭಾಗಕ್ಕೆ ತೊಡಕಿರುವುದು ಇಲ್ಲೇ. ಮೇ ತಿಂಗಳ ವಾಡಿಕೆಯೇ 40ರ ಆಸುಪಾಸಿನಲ್ಲಿರುವ ಊರಿನಲ್ಲಿ ವಾರವಿಡೀ 43 ಡಿಗ್ರಿ ಸುಟ್ಟರೂ ಆ ಲೆಕ್ಕಕ್ಕೆ ಅದು ಬಿಸಿಗಾಳಿ ಆಗದೆ ಹೋಗಬಹುದು. ಘೋಷಣೆ ಬಂದಿಲ್ಲವೆಂದು ಊರು ಸುಮ್ಮನಿರಬಾರದು. ಪಂಚಾಯಿತಿ ತನ್ನದೇ ಗೆರೆ ಹಾಕಿಕೊಳ್ಳಲಿ. ನಮ್ಮ ಸಲಹೆ ಹೀಗಿದೆ: ಮರುದಿನದ ಮುನ್ಸೂಚನೆ 40 ಇದ್ದರೆ ಕೆಲಸದ ವೇಳೆ ಬದಲಿಸಿ, 42 ಇದ್ದರೆ ಮುಂದೆ ಹೇಳಿರುವ ಪಟ್ಟಿಯಲ್ಲಿರುವ ಮನೆಗಳ ಭೇಟಿ ಶುರು ಮಾಡಿ. ರಾತ್ರಿ ಹತ್ತಕ್ಕೂ ಮನೆಯೊಳಗೆ 35ರ ಮೇಲಿದ್ದರೆ ಆ ಮನೆಯವರನ್ನು ಮಲಗಲು ಬೇರೆ ಕಡೆಗೆ ಕರೆದೊಯ್ಯಿರಿ. ರಾತ್ರಿಯ ಬಿಸಿಗೆ ಹಗಲಿನಷ್ಟೇ ತೂಕ ಕೊಡಬೇಕು. ಹಗಲಿಡೀ ಬೆಂದ ದೇಹ ಸುಧಾರಿಸಿಕೊಳ್ಳುವುದು ರಾತ್ರಿಯ ತಂಪಿನಲ್ಲಿ. ಎರಡು ಮೂರು ರಾತ್ರಿ ಆ ಬಿಡುವು ಸಿಗದಿದ್ದರೆ ಹೃದಯ, ಮೂತ್ರಪಿಂಡ ಸೋಲಲು ತೊಡಗುತ್ತವೆ.

ಮೊಬೈಲಿನಲ್ಲಿ ಕಾಣುವ ಅಂಕಿ ಎಲ್ಲೋ ದೂರದ ಕೇಂದ್ರದ್ದು, ಅದೂ ನೆರಳಿನಲ್ಲಿ ಅಳೆದದ್ದು. ತಾಪಮಾನ ಮತ್ತು ತೇವಾಂಶ ಎರಡನ್ನೂ ತೋರಿಸುವ ಸಣ್ಣ ಡಿಜಿಟಲ್ ಮೀಟರ್ ಅಗ್ಗಕ್ಕೇ ಸಿಗುತ್ತದೆ, ಐದಾರು ಕೊಂಡುಕೊಳ್ಳಿ. ಮಾರ್ಚ್ ಮೊದಲ ವಾರ ಮೂರು ದಿನ, ಮಧ್ಯಾಹ್ನ ಮೂರಕ್ಕೆ ಮತ್ತು ರಾತ್ರಿ ಹತ್ತಕ್ಕೆ, ತಗಡಿನ ಮನೆ, ಆರ್‌ಸಿಸಿ ಮನೆ, ಮಾಳಿಗೆ ಮನೆ, ಅಂಗನವಾಡಿ, ಶಾಲೆ, ಸಮುದಾಯ ಭವನ ಇವುಗಳೊಳಗೆ ಅಳೆದು ಬರೆದಿಡಿ. ಮೀಟರ್ ಗೋಡೆಗೆ ತಾಗಬಾರದು, ಬಿಸಿಲಿಗೆ ಬೀಳಬಾರದು, ಎದೆಮಟ್ಟದಲ್ಲಿ ತೂಗುಹಾಕಿ ಕಾಲು ಗಂಟೆ ಬಿಟ್ಟು ಓದಬೇಕು. ಯಾವ ಮನೆ ಅಪಾಯದ್ದು, ಯಾವ ಕಟ್ಟಡ ತಂಪಿನದು ಎಂಬ ನಕ್ಷೆ ಇದರಿಂದಲೇ ಸಿಗುತ್ತದೆ. ಹೊಸ ಆರ್‌ಸಿಸಿ ಭವನ ಮಧ್ಯಾಹ್ನ ತಂಪಾಗಿದ್ದು ರಾತ್ರಿ ಕುದಿಯುವುದು ಸಾಮಾನ್ಯ. ಹಗಲೆಲ್ಲ ಹೀರಿದ ಬಿಸಿಯನ್ನು ಸ್ಲ್ಯಾಬು ರಾತ್ರಿ ಕೆಳಕ್ಕೆ ಬಿಡುತ್ತದೆ. ಮಾಳಿಗೆಯ ಹಳೆಯ ಮನೆ ಎರಡು ಹೊತ್ತೂ ಸಮವಾಗಿರುತ್ತದೆ.

ಪಟ್ಟಿ: ಫೆಬ್ರುವರಿಯ ಮುಖ್ಯ ಕೆಲಸ

ಆಶಾ ಕಾರ್ಯಕರ್ತೆ ಮತ್ತು ಅಂಗನವಾಡಿ ಕಾರ್ಯಕರ್ತೆ ಒಟ್ಟಿಗೆ ಕೂತರೆ ಒಂದು ಊರಿನ ಪಟ್ಟಿ ಎರಡು ದಿನದಲ್ಲಿ ಆಗುತ್ತದೆ. ಪಟ್ಟಿ ಉದ್ದವಾದಷ್ಟೂ ಕೆಲಸಕ್ಕೆ ಬರುವುದಿಲ್ಲ ಎಂಬುದು ನೆನಪಿರಲಿ. ಮನೆ ಬಾಗಿಲಿಗೆ ಹೋಗಿ ಮಾತನಾಡಿಸಲೇಬೇಕಾದವರು ಮಾತ್ರ ಅದರಲ್ಲಿರಲಿ.

ಒಂಟಿಯಾಗಿರುವ 65 ದಾಟಿದವರು, ಹಾಸಿಗೆ ಹಿಡಿದವರು, ಒಂದು ವರ್ಷದೊಳಗಿನ ಕೂಸುಗಳು, ಏಳು ತಿಂಗಳು ದಾಟಿದ ಗರ್ಭಿಣಿಯರು, ಹೃದಯ ಮತ್ತು ಕಿಡ್ನಿ ತೊಂದರೆಯವರು, ದಿನಾ ಕುಡಿಯುವವರು. ಇವರ ಜೊತೆಗೆ, ಬಹಳ ಕಡೆ ಬಿಟ್ಟುಹೋಗುವ ಒಂದು ಗುಂಪಿದೆ: ಕೆಲವು ಬಗೆಯ ಮಾತ್ರೆ ನುಂಗುತ್ತಿರುವವರು. ಬಿಪಿಗೆ, ಕಾಲುಬಾವಿಗೆ ಕೊಡುವ ‘ನೀರಿನ ಮಾತ್ರೆ’ ದೇಹದ ನೀರು ಮತ್ತು ಉಪ್ಪನ್ನು ಹೊರಹಾಕುತ್ತದೆ. ಬಿಪಿಯ ಇನ್ನು ಕೆಲವು ಮಾತ್ರೆಗಳು ಬಿಸಿಗೆ ತಕ್ಕಂತೆ ಹೃದಯ ವೇಗ ಹೆಚ್ಚಿಸಿಕೊಳ್ಳದ ಹಾಗೆ ತಡೆಯುತ್ತವೆ. ಮಾನಸಿಕ ಕಾಯಿಲೆಯ ಕೆಲವು ಮಾತ್ರೆಗಳಿಂದ ಬೆವರು ಕಡಿಮೆಯಾಗುತ್ತದೆ, ಬಾಯಾರಿಕೆಯೇ ಗೊತ್ತಾಗದೆ ಹೋಗಬಹುದು. ಲಿಥಿಯಂ ತೆಗೆದುಕೊಳ್ಳುವವರಲ್ಲಿ ನೀರಿನಂಶ ಕುಸಿದರೆ ಅದೇ ಔಷಧ ವಿಷವಾಗುತ್ತದೆ. ಇವನ್ನು ಯಾರೂ ತಾವಾಗಿ ನಿಲ್ಲಿಸಕೂಡದು. ಫೆಬ್ರುವರಿಯಲ್ಲೇ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ಚೀಟಿ ತೋರಿಸಿ, ‘ಬೇಸಿಗೆಗೆ ಪ್ರಮಾಣ ಬದಲಿಸಬೇಕೇ, ದಿನಕ್ಕೆ ಎಷ್ಟು ನೀರು ಕುಡಿಯಬಹುದು’ ಎಂದು ಕೇಳಿ ಬರೆಸಿಕೊಳ್ಳಿ.

ಪ್ರತಿ ಹೆಸರಿನ ಮುಂದೆ ಮೂರು ಸಂಗತಿ ಬೇಕು: ಮನೆಯ ಚಾವಣಿ ಯಾವುದು, ಔಷಧ ಯಾವುದು, ಮತ್ತು ದಿನಕ್ಕೆ ಎರಡು ಸಲ ಬಾಗಿಲು ಬಡಿಯುವ ನೆರೆಯವರು ಯಾರು. ಮೂರನೆಯದು ಖಾಲಿ ಇದ್ದರೆ ಪಟ್ಟಿ ಬರೀ ಕಾಗದ. ಸ್ವಸಹಾಯ ಸಂಘದ ಹೆಣ್ಣುಮಕ್ಕಳು ಓಣಿಗೆ ಇಬ್ಬರಂತೆ ಈ ಹೊಣೆ ಹೊತ್ತರೆ ಕೆಲಸ ಸಲೀಸು. ಭೇಟಿ ಮಧ್ಯಾಹ್ನ ಎರಡರಿಂದ ನಾಲ್ಕರೊಳಗೆ ಒಮ್ಮೆ, ರಾತ್ರಿ ಎಂಟರ ಮೇಲೆ ಒಮ್ಮೆ ಆಗಬೇಕು. ‘ಆರಾಮ ಇದ್ದೀರೇನ್ರೀ’ ಎಂದರೆ ಎಲ್ಲರೂ ಹೂಂ ಎನ್ನುತ್ತಾರೆ. ಬೆಳಗಿನಿಂದ ಎಷ್ಟು ಚೊಂಬು ನೀರು ಕುಡಿದಿರಿ, ಮೂತ್ರ ಎಷ್ಟು ಸಲ ಆಯಿತು, ಬಣ್ಣ ಹೇಗಿತ್ತು ಎಂದು ಕೇಳಿ. ಮಧ್ಯಾಹ್ನದವರೆಗೆ ಮೂತ್ರವೇ ಆಗಿಲ್ಲ ಎಂದರೆ, ಮೊದಲಿನಂತೆ ಮಾತನಾಡುತ್ತಿಲ್ಲ ಎಂದರೆ, ಅಲ್ಲೇ ಕೂತು ನೀರು ಕುಡಿಸಿ ಆಶಾಗೆ ಫೋನ್ ಮಾಡಿ.

ಚಾವಣಿಗೆ ಸುಣ್ಣ

ಬಿಸಿಲು ಬೀಳುವ ಮೇಲ್ಮೈ ಬೆಳ್ಳಗಿದ್ದರೆ ಶಾಖದ ದೊಡ್ಡ ಪಾಲು ಹಿಂದಕ್ಕೆ ಹೋಗುತ್ತದೆ. ಆರ್‌ಸಿಸಿ ಮತ್ತು ಶಹಾಬಾದಿ ಫರಸಿ ಹಾಕಿದ ಚಾವಣಿಗೆ ಸುಣ್ಣವೇ ಸಾಕು. 10 ಅಡಿಗೆ 12 ಅಡಿಯ ಒಂದು ಚಾವಣಿಗೆ ಮೂರು ಕೋಟು ಹೊಡೆಯಲು 3ರಿಂದ 4 ಕೆ.ಜಿ. ಸುಟ್ಟ ಸುಣ್ಣ ಬೇಕು. ಕೆ.ಜಿ.ಗೆ 5 ಲೀಟರ್ ನೀರಿನಂತೆ ಹಾಕಿ ಅರಳಿಸಿ, 24 ಗಂಟೆ ಬಿಟ್ಟು ದಪ್ಪ ಬಟ್ಟೆಯಲ್ಲಿ ಸೋಸಿ. ಬಿಸಿನೀರಲ್ಲಿ ಕರಗಿಸಿದ ಗೋಂದನ್ನು 10 ಲೀಟರಿಗೆ 40 ಗ್ರಾಂ ಲೆಕ್ಕದಲ್ಲಿ ಬೆರೆಸಿ. ಅರಳುವಾಗ ಸುಣ್ಣ ಕೊತಕೊತ ಕುದಿಯುತ್ತದೆ, ಪ್ಲಾಸ್ಟಿಕ್ ಬಕೆಟ್ ಕರಗಿಬಿಡಬಹುದು, ಆದ್ದರಿಂದ ಕಬ್ಬಿಣದ ಡ್ರಮ್ ಬಳಸಿ. ಮಕ್ಕಳು ಹತ್ತಿರ ಬರಬಾರದು, ಹೊಡೆಯುವವರಿಗೆ ಕನ್ನಡಕ ಇರಲಿ. ಕಣ್ಣಿಗೆ ಸಿಡಿದರೆ ಇಪ್ಪತ್ತು ನಿಮಿಷ ಎಡೆಬಿಡದೆ ನೀರು ಹಾಕಿ ತೊಳೆದು ಆಸ್ಪತ್ರೆಗೆ ಓಡಬೇಕು.

ಹೊಡೆದ ಸುಣ್ಣ ವಾರದಲ್ಲೇ ಸಿಪ್ಪೆ ಎದ್ದರೆ ಕಾರಣ ಹೆಚ್ಚಾಗಿ ಒಂದೇ, ಚಾವಣಿಯ ಧೂಳು ತೊಳೆದಿರುವುದಿಲ್ಲ. ಹಿಂದಿನ ಸಂಜೆ ಕಸಬರಿಗೆಯಿಂದ ಉಜ್ಜಿ ತೊಳೆದು, ಬೆಳಗ್ಗೆ ಕೊಂಚ ಒದ್ದೆಯಿರುವಾಗಲೇ ಮೊದಲ ಕೋಟು ತೆಳ್ಳಗೆ ಹೊಡೆಯಿರಿ. ಉರಿಬಿಸಿಲಲ್ಲಿ ಹೊಡೆದರೆ ನೀರು ಆವಿಯಾಗಿ ಪುಡಿಯಷ್ಟೇ ಉಳಿಯುತ್ತದೆ. ನಯವಾದ ತಗಡಿಗೆ ಸುಣ್ಣ ಹಿಡಿಯುವುದಿಲ್ಲ. ಅದಕ್ಕೆ ಪ್ರೈಮರ್ ಹಚ್ಚಿ ಹೊರಗೋಡೆಯ ಬಿಳಿ ಪೇಂಟ್ ಹೊಡೆಯಬೇಕು, ಅಥವಾ ತಗಡಿನಿಂದ ಒಂದಡಿ ಮೇಲೆ ಕಂಬ ಕಟ್ಟಿ ಹಸಿರು ನೆರಳುಬಲೆ ಎಳೆಯಬೇಕು. ನಡುವಿನ ಆ ಒಂದಡಿಯಲ್ಲಿ ಗಾಳಿ ಆಡಿದರೇ ಬಲೆ ಕೆಲಸ ಮಾಡುವುದು, ತಗಡಿಗೆ ಅಂಟಿಸಿ ಹಾಸಿದರೆ ಅರ್ಧ ಪ್ರಯೋಜನವೂ ಇಲ್ಲ. ತಗಡಿನ ಮೇಲೆ ಜೋಳದ ಕಣಿಕೆ ಹರಡುವ ರೂಢಿ ಹಲವು ಕಡೆ ಇದೆ. ತಂಪೇನೋ ಹೌದು, ಆದರೆ ವಿದ್ಯುತ್ ತಂತಿಯ ಒಂದು ಕಿಡಿಗೆ ಓಣಿಯೇ ಹೊತ್ತಿಕೊಳ್ಳಬಹುದು. ಬೇಡ.

ಹಣ ಸ್ವಲ್ಪವೇ ಇದ್ದರೆ ಮೊದಲು ಅಂಗನವಾಡಿ ಮತ್ತು ಕೂಲಿಗೆ ಹೋಗುವವರ ಮಕ್ಕಳನ್ನು ನೋಡಿಕೊಳ್ಳುವ ‘ಕೂಸಿನ ಮನೆ’ಯ ಚಾವಣಿ, ಆಮೇಲೆ ಪಟ್ಟಿಯಲ್ಲಿರುವ ಒಂಟಿ ಮುದುಕರ ಮನೆ. ಪಂಚಾಯಿತಿ ಕಚೇರಿ ಕೊನೆಗೆ.

ಅರವಟ್ಟಿಗೆ, ಆದರೆ ಶುದ್ಧ ನೀರಿನದು

ಅರವಟ್ಟಿಗೆ ಇಡುವುದು ನಮ್ಮ ಹಿರಿಯರ ಕಾಲದಿಂದ ಬಂದ ಪುಣ್ಯದ ಕೆಲಸ. ಬಸ್ ನಿಲ್ದಾಣ, ಸಂತೆ, ಹೊಲದ ದಾರಿ ಕೂಡುವ ಕಡೆ, ಉದ್ಯೋಗ ಖಾತರಿ ಕೆಲಸದ ಜಾಗ, ಇಷ್ಟು ಕಡೆ ಇರಲೇಬೇಕು. ಮಣ್ಣಿನ ಹರವಿಯನ್ನು ಮರಳಿನ ಮೇಲೆ ಕೂರಿಸಿ, ಸುತ್ತ ಒದ್ದೆ ಗೋಣಿತಟ್ಟು ಕಟ್ಟಿ, ನೆರಳಲ್ಲಿ ಗಾಳಿಯಾಡುವ ಹಾಗೆ ಇಟ್ಟರೆ ಒಣ ಹವೆಯಲ್ಲಿ ನೀರು ಚೆನ್ನಾಗಿ ತಣ್ಣಗಾಗುತ್ತದೆ. ಹರವಿಗೆ ನಲ್ಲಿ ಇರಲಿ, ಇಲ್ಲದಿದ್ದರೆ ಉದ್ದ ಹಿಡಿಕೆಯ ಸೌಟು. ಎಲ್ಲರೂ ಲೋಟ ಮುಳುಗಿಸಿದರೆ ಸಂಜೆಯೊಳಗೆ ಆ ನೀರು ವಾಂತಿಭೇದಿ ಹಂಚುವ ನೀರಾಗುತ್ತದೆ. ಹರವಿಯನ್ನು ದಿನಾ ಖಾಲಿ ಮಾಡಿ ಒಳಗಡೆ ತಿಕ್ಕಿ ತೊಳೆಯಬೇಕು, ಹಳೆಯ ನೀರಿನ ಮೇಲೆ ಹೊಸ ನೀರು ಸುರಿಯಬಾರದು.

ಬೇಸಿಗೆಯಲ್ಲಿ ನೀರು ಕೆಡುವುದಕ್ಕೆ ಒಂದು ನಿರ್ದಿಷ್ಟ ಕಾರಣವಿದೆ. ಕರೆಂಟು ಹೋಗಿ ಪಂಪು ನಿಂತಾಗ ಪೈಪಿನೊಳಗಿನ ಒತ್ತಡ ಇಳಿದು, ಬಿರುಕು ಬಿಟ್ಟ ಕಡೆಯಿಂದ ಚರಂಡಿಯ ನೀರನ್ನು ಅದು ಒಳಕ್ಕೆ ಎಳೆದುಕೊಳ್ಳುತ್ತದೆ. ಮುಂದಿನ ಸಲ ನೀರು ಬಿಟ್ಟಾಗ ಅದು ನೇರ ಮನೆಗೆ. ಆದ್ದರಿಂದ ನೀರುಗಂಟಿ ಮಾರ್ಚಿಗೆ ಮುಂಚೆ ಪೈಪ್‌ಲೈನಿನ ಗುಂಟ ನಡೆದು, ಚರಂಡಿಯೊಳಗೆ ಹಾದುಹೋಗಿರುವ ಜಾಗ, ಸೋರುವ ಜೋಡಣೆ, ನೀರು ನಿಂತ ವಾಲ್ವ್ ಗುಂಡಿ ಇವನ್ನೆಲ್ಲ ಗುರುತು ಮಾಡಬೇಕು. ನೀರು ಬಿಟ್ಟಾಗ ಮೊದಲ ಹತ್ತು ನಿಮಿಷದ್ದನ್ನು ಕುಡಿಯಲು ಹಿಡಿಯಬೇಡಿ ಎಂದು ಊರಿಗೆಲ್ಲ ಹೇಳಿ.

ಬ್ಲೀಚಿಂಗ್ ಪುಡಿಯ ಲೆಕ್ಕ: ಒಳ್ಳೆಯ ಪುಡಿಯಲ್ಲಿ 33 ಶೇಕಡಾದಷ್ಟು ಕ್ಲೋರಿನ್ ಇರುತ್ತದೆ, ಅದಾದರೆ ಸಾವಿರ ಲೀಟರಿಗೆ 2.5 ಗ್ರಾಂ ಸಾಕು. ಹಳ್ಳಿಯಲ್ಲಿ ಚೀಲ ಬಿಚ್ಚಿಟ್ಟ ಪುಡಿ ಬಿಸಿಲಿಗೆ ಸತ್ವ ಕಳೆದುಕೊಂಡಿರುತ್ತದೆ, 4 ಗ್ರಾಂ ಹಿಡಿಯಿರಿ. 50,000 ಲೀಟರಿನ ಟ್ಯಾಂಕಿಗೆ 200 ಗ್ರಾಂ ಆಯಿತು. ಪುಡಿಯನ್ನು ಬಕೆಟ್ಟಿನಲ್ಲಿ ಮೊದಲು ಗಟ್ಟಿಯಾಗಿ ಕಲಸಿ, ಮುಕ್ಕಾಲು ನೀರು ತುಂಬಿ ಕದಡಿ, ಹತ್ತು ನಿಮಿಷ ಬಿಡಿ. ಮೇಲಿನ ತಿಳಿಯನ್ನು ಮಾತ್ರ ಟ್ಯಾಂಕಿಗೆ ಸುರಿಯಿರಿ, ತಳದ ಸುಣ್ಣದ ಗಸಿ ಬೇಡ. ಒಂದು ಗಂಟೆ ಕಾದು ನೀರು ಬಿಡಬೇಕು. ಸರಿಯಾಯಿತೇ ಎಂದು ನೋಡಬೇಕಾದದ್ದು ಟ್ಯಾಂಕಿನ ಬುಡದಲ್ಲಲ್ಲ, ಊರಿನ ಕೊಟ್ಟಕೊನೆಯ ಮನೆಯ ನಲ್ಲಿಯಲ್ಲಿ. ನೀರಿನ ಕ್ಲೋರಿನ್ ಅಳೆಯುವ ಕ್ಲೋರೋಸ್ಕೋಪಿನಲ್ಲಿ ನೋಡಿದರೆ ಅಲ್ಲಿ ಲೀಟರಿಗೆ 0.2 ಮಿಲಿಗ್ರಾಂ ಕ್ಲೋರಿನ್ ಆದರೂ ಉಳಿದಿರಬೇಕು. ಏನೂ ಕಾಣದಿದ್ದರೆ ಪುಡಿ ಹಳತು, ಇಲ್ಲವೇ ದಾರಿಯಲ್ಲಿ ಎಲ್ಲೋ ಕೊಳಚೆ ಸೇರುತ್ತಿದೆ. ಎರಡನೆಯದಾಗಿದ್ದರೆ ಪುಡಿ ಹೆಚ್ಚಿಸಿ ಸುಮ್ಮನಾಗಬೇಡಿ, ಸೋರುವ ಜಾಗ ಹುಡುಕಿ.

ಕೆಲಸದ ಜಾಗದಲ್ಲಿ

ಕಲಬುರಗಿ ವಿಭಾಗದಲ್ಲಿ, ವಿಜಯಪುರ ಬಾಗಲಕೋಟೆಗಳಲ್ಲಿ ಏಪ್ರಿಲ್, ಮೇ ತಿಂಗಳು ಸರ್ಕಾರಿ ಕಚೇರಿಗಳೇ ಬೆಳಗ್ಗೆ 8ರಿಂದ 1.30ರವರೆಗೆ ನಡೆಯುವ ಪದ್ಧತಿ ಇದೆ. ಕೆರೆ ಹೂಳೆತ್ತುವವರಿಗೆ, ಫರಸಿ ಗಣಿಯವರಿಗೆ, ಸಿಂಧನೂರು ಕಡೆ ಬೇಸಿಗೆ ಭತ್ತ ಕೊಯ್ಯುವವರಿಗೆ, ಇಟ್ಟಿಗೆ ಭಟ್ಟಿಯವರಿಗೆ ಇದಕ್ಕಿಂತ ಬೇಗ ಬಿಡುವಾಗಬೇಕು. ಆರಕ್ಕೆ ಶುರು, ಹನ್ನೊಂದಕ್ಕೆ ಮುಕ್ತಾಯ.

ನೀರಿನ ಲೆಕ್ಕವನ್ನು ಕಾಯಕ ಬಂಧು, ಅಂದರೆ ಉದ್ಯೋಗ ಖಾತರಿ ಕೂಲಿಕಾರರ ಗುಂಪಿನ ಮೇಲ್ವಿಚಾರಕರು, ಬಾಯಿಪಾಠ ಮಾಡಿಕೊಳ್ಳಲಿ. ಒಬ್ಬರಿಗೆ ಇಪ್ಪತ್ತು ನಿಮಿಷಕ್ಕೊಮ್ಮೆ ಒಂದು ದೊಡ್ಡ ಲೋಟ, ಅಂದರೆ 250 ಮಿ.ಲೀ. ಗಂಟೆಗೆ ಮುಕ್ಕಾಲು ಲೀಟರ್. 40 ಜನ ಐದು ಗಂಟೆ ದುಡಿದರೆ ಕುಡಿಯಲಿಕ್ಕೇ 150 ಲೀಟರ್. ಮುಖ ತೊಳೆಯಲು, ರುಮಾಲು ಒದ್ದೆ ಮಾಡಲು ಇನ್ನೈವತ್ತು. ಒಟ್ಟು 200 ಲೀಟರಿನ ಒಂದು ಡ್ರಮ್ಮು ಪೂರ್ತಿ ಬೇಕು, ಎರಡು ಕೊಡ ತಂದಿಟ್ಟು ‘ನೀರಿದೆ’ ಎಂದರೆ ಆಗದು. ಬಾಯಾರಿದಾಗ ಕುಡಿಯುತ್ತಾರೆ ಬಿಡಿ ಎನ್ನುವುದೂ ಸರಿಯಲ್ಲ, ಬಾಯಾರಿಕೆ ತಿಳಿಯುವ ಹೊತ್ತಿಗೆ ದೇಹ ಹಿಂದೆ ಬಿದ್ದಿರುತ್ತದೆ. ಸೀಟಿ ಊದಿ ಕುಡಿಸಿ. ಹೆಣ್ಣುಮಕ್ಕಳು ಮೂತ್ರಕ್ಕೆ ಮರೆ ಇಲ್ಲವೆಂದು ನೀರನ್ನೇ ಕುಡಿಯುವುದಿಲ್ಲ. ಈ ಒಂದು ಸಂಕಟವನ್ನು ಯಾರೂ ಬಾಯಿಬಿಟ್ಟು ಹೇಳಿಕೊಳ್ಳುವುದಿಲ್ಲ, ಆದ್ದರಿಂದ ಕೇಳದೆಯೇ ನಾಲ್ಕು ಕಂಬ ನೆಟ್ಟು ಸೀರೆ ಕಟ್ಟಿ ಮರೆ ಮಾಡಿಕೊಡಿ. ಹಾಗೆಂದು ಗಂಟೆಗೆ ಒಂದೂವರೆ ಲೀಟರಿಗಿಂತ ಹೆಚ್ಚು ಬರೀ ನೀರು ಕುಡಿಯುವುದೂ ಅಪಾಯ, ರಕ್ತದ ಉಪ್ಪಿನಂಶ ತೆಳುವಾಗಿ ತಲೆಸುತ್ತು, ಸೆಳವು ಬರುತ್ತದೆ. ನಡುನಡುವೆ ಉಪ್ಪು ಹಾಕಿದ ಮಜ್ಜಿಗೆ, ಜೋಳದ ಅಂಬಲಿ ಕೊಡಿ.

ಹೊಸಬರ ಮೇಲೆ ಕಣ್ಣಿರಲಿ. ಬಿಸಿಲಿಗೆ ದೇಹ ಒಗ್ಗಲು ಒಂದರಿಂದ ಎರಡು ವಾರ ಬೇಕು. ಮೊದಲ ದಿನ ಪೂರ್ತಿ ಕೆಲಸದ ಐದರಲ್ಲೊಂದು ಪಾಲು, ಆಮೇಲೆ ದಿನಕ್ಕೆ ಅಷ್ಟಷ್ಟೇ ಹೆಚ್ಚಿಸಿ. ಬೆಂಗಳೂರಿಂದ ಯುಗಾದಿಗೆ ಬಂದು ಮರುದಿನವೇ ಗುದ್ದಲಿ ಹಿಡಿದ ಗಟ್ಟಿಮುಟ್ಟಾದ ಹುಡುಗನೇ ಮೊದಲು ಬೀಳುವುದು.

ಯಾರಾದರೂ ಕುಸಿದರೆ: ಮೊದಲ ಅರ್ಧ ಗಂಟೆ ಊರಿನದು

ಈ ಲೇಖನದಲ್ಲಿ ಒಂದೇ ಒಂದು ಭಾಗ ನೆನಪಿಟ್ಟುಕೊಳ್ಳುವುದಾದರೆ ಅದು ಇದೇ ಆಗಲಿ. ಬಿಸಿಲು ಬಡಿದವರನ್ನು ಉಳಿಸುವುದು ನೀರು. ಬಿಸಿ ದೇಹವನ್ನು ಹಾಗೇ ಟಂಟಂನಲ್ಲಿ ಹಾಕಿಕೊಂಡು ನಲವತ್ತು ನಿಮಿಷ ಓಡಿದರೆ ಆ ನಲವತ್ತು ನಿಮಿಷವೂ ಮಿದುಳು ಬೇಯುತ್ತಿರುತ್ತದೆ. ಮೊದಲು ತಂಪು ಮಾಡಿ, ಆಮೇಲೆ ಸಾಗಿಸಿ.

ಗುರುತಿಸುವುದು ಹೇಗೆ? ಸುಸ್ತು, ತಲೆನೋವು, ವಾಕರಿಕೆ, ಬೆವರು ಧಾರಾಕಾರ, ಆದರೆ ಪ್ರಜ್ಞೆ ಸರಿ ಇದೆ ಎಂದಾದರೆ ಅದು ಬಿಸಿಲಿನ ಬಳಲಿಕೆ. ನೆರಳಲ್ಲಿ ಮಲಗಿಸಿ, ಕಾಲು ಎತ್ತರಿಸಿ, ಬಟ್ಟೆ ಸಡಿಲಿಸಿ, ಮೈಗೆ ನೀರು ಹಾಕಿ ಗಾಳಿ ಬೀಸಿ, ಓಆರ್‌ಎಸ್ ಗುಟುಕು ಗುಟುಕಾಗಿ ಕುಡಿಸಿ. ಅರ್ಧ ಗಂಟೆಯಲ್ಲಿ ಸುಧಾರಿಸದಿದ್ದರೆ ಆಸ್ಪತ್ರೆ. ಬದಲಿಗೆ ಮಾತು ತೊದಲುತ್ತಿದೆ, ಊರ ಹೆಸರು ಕೇಳಿದರೆ ಏನೋ ಹೇಳುತ್ತಾರೆ, ನಡಿಗೆ ತೂರಾಡುತ್ತಿದೆ, ಸಿಟ್ಟಿನಿಂದ ಕೈ ಕೊಡವುತ್ತಾರೆ, ಸೆಳವು ಬಂದಿದೆ, ಎಚ್ಚರವಿಲ್ಲ, ಮೈ ಕೆಂಡ, ಹೀಗಿದ್ದರೆ ಅದು ಬಿಸಿಲಾಘಾತ. ಒಳಗಿನ ತಾಪಮಾನ 40 ಡಿಗ್ರಿ ದಾಟಿರುತ್ತದೆ. ಚರ್ಮ ಒಣಗಿರಲೇಬೇಕು ಎಂದು ಹಲವರು ತಿಳಿದಿದ್ದಾರೆ. ದುಡಿಯುವಾಗ ಬಿದ್ದವರ ಮೈ ಬೆವರಿನಿಂದ ತೊಯ್ದಿರುವುದೇ ಹೆಚ್ಚು, ಒಣಗಲಿ ಎಂದು ಕಾಯಬೇಡಿ. ‘ಕುಡಿದು ಬಿದ್ದಿದ್ದಾನೆ’ ಎಂದು ದಾಟಿ ಹೋಗುವುದಂತೂ ಕೊಲ್ಲುವ ತಪ್ಪು.

ಒಬ್ಬರು 108ಕ್ಕೆ ಫೋನ್ ಮಾಡಲಿ, ಉಳಿದವರು ಅದೇ ಕ್ಷಣ ಕೆಲಸಕ್ಕೆ ಇಳಿಯಲಿ. ನೆರಳಿಗೆ ಎಳೆದು ಬಟ್ಟೆ ತೆಗೆಯಿರಿ. ಹೆಣ್ಣುಮಕ್ಕಳಾದರೆ ಸುತ್ತ ಸೀರೆ ಹಿಡಿದು ಮರೆ ಮಾಡಿ, ಸಂಕೋಚಕ್ಕೆ ನಿಮಿಷಗಳು ಹೋಗಬಾರದು. ದುಡಿಯುವ ವಯಸ್ಸಿನವರಿಗೆ ಎಲ್ಲಕ್ಕಿಂತ ಬೇಗ ತಂಪು ಮಾಡುವ ದಾರಿ ತಾಡಪತ್ರಿ. 8 ಅಡಿಗೆ 10 ಅಡಿಯ, ತೂತಿಲ್ಲದ ತಾಡಪತ್ರಿಯ ನಡುವೆ ಅವರನ್ನು ಮಲಗಿಸಿ. ಆರು ಜನ ಅಂಚುಗಳನ್ನು ತೊಡೆಯ ಎತ್ತರಕ್ಕೆ ಎತ್ತಿ ಹಿಡಿದರೆ ತೊಟ್ಟಿಯಾಗುತ್ತದೆ. ಅದಕ್ಕೆ 80ರಿಂದ 100 ಲೀಟರ್ ನೀರು, ಸಿಕ್ಕಷ್ಟು ಐಸು ಸುರಿದು, ತಾಡಪತ್ರಿಯನ್ನು ಆ ಕಡೆ ಈ ಕಡೆ ತೂಗುತ್ತಿರಿ. ನೀರು ನಿಂತರೆ ಮೈಗೆ ತಾಗಿದ ಪದರ ಬಿಸಿಯಾಗಿ ತಂಪಾಗುವುದು ನಿಧಾನವಾಗುತ್ತದೆ, ಅದಕ್ಕೇ ತೂಗುವುದು. ಒಬ್ಬರು ತಲೆಯ ಬಳಿ ಕೂತು ಎರಡೂ ಕೈಯಿಂದ ತಲೆ ಮೇಲೆತ್ತಿ ಹಿಡಿದಿರಬೇಕು, ಮುಖ ಮುಳುಗಬಾರದು. ಆ ವ್ಯಕ್ತಿಗೆ ಬೇರೆ ಯಾವ ಕೆಲಸವನ್ನೂ ಹೇಳಬೇಡಿ.

ವಯಸ್ಸಾದವರಿಗೆ, ಹೃದ್ರೋಗಿಗಳಿಗೆ ಹೀಗೆ ಮುಳುಗಿಸುವುದು ಬೇಡ. ಮೈತುಂಬ ನೀರು ಚಿಮುಕಿಸುತ್ತ ಜೋರಾಗಿ ಗಾಳಿ ಹಾಕಿ, ಕುತ್ತಿಗೆ, ಕಂಕುಳು, ತೊಡೆಸಂದಿಗೆ ಬಟ್ಟೆಯಲ್ಲಿ ಸುತ್ತಿದ ಐಸು ಇಡಿ. ಒದ್ದೆ ಚಾದರ ಹೊದಿಸಿ ಹಾಗೇ ಬಿಡುವವರಿದ್ದಾರೆ. ಎರಡು ನಿಮಿಷದಲ್ಲಿ ಅದು ಬಿಸಿ ಕಂಬಳಿಯಾಗುತ್ತದೆ. ಚಾದರ ಹೊದಿಸಿದರೆ ಮೇಲಿಂದ ಮೇಲೆ ನೀರು ಹಾಕುತ್ತಿರಬೇಕು, ಗಾಳಿ ನಿಲ್ಲಬಾರದು.

ನಡುಗಲು ತೊಡಗಿದರೆ ಅಥವಾ ಮಾತು ಸರಿಯಾಗಿ ಬಂದರೆ ನಿಲ್ಲಿಸಿ ಒರೆಸಿ. ಕಂಕುಳಿನ ಥರ್ಮಾಮೀಟರ್ ನಂಬಬೇಡಿ, ಒದ್ದೆ ಮೈಯಲ್ಲಿ ಅದು ಕಡಿಮೆ ತೋರಿಸುತ್ತದೆ. ಎಚ್ಚರವಿಲ್ಲದವರ ಬಾಯಿಗೆ ಹನಿ ನೀರೂ ಬೇಡ, ಶ್ವಾಸಕೋಶಕ್ಕೆ ಹೋಗುತ್ತದೆ. ಮಗ್ಗುಲಾಗಿ ಮಲಗಿಸಿ. ಪ್ಯಾರಾಸಿಟಮಾಲ್ ಕೊಡಬೇಡಿ. ಸೋಂಕಿನ ಜ್ವರ ಇಳಿಸುವ ಆ ಮಾತ್ರೆಗೆ ಈ ಬಿಸಿಯ ಮೇಲೆ ಹಿಡಿತವಿಲ್ಲ, ಮೊದಲೇ ನೊಂದ ಲಿವರಿಗೆ ಅದರಿಂದ ಹೊರೆ. ಮೂಗಿಗೆ ಉಳ್ಳಾಗಡ್ಡಿ ಹಿಡಿಯುವುದರಿಂದ ಕೆಡುಕಿಲ್ಲ, ಆದರೆ ಆ ಹೊತ್ತಿನಲ್ಲಿ ಆ ಕೈ ನೀರು ಹಾಕಲಿ.

ಹೀಗಾಗಿ ಪ್ರತಿ ಕೆಲಸದ ಜಾಗದಲ್ಲಿ, ಪಂಚಾಯಿತಿಯಲ್ಲಿ ಒಂದು ಬೇಸಿಗೆ ಪೆಟ್ಟಿಗೆ ಬೇಕು: ತಾಡಪತ್ರಿ, ಎರಡು ಬಕೆಟ್, ನಾಲ್ಕು ಚೊಂಬು, ಎರಡು ಬೀಸಣಿಗೆ, 20 ಓಆರ್‌ಎಸ್ ಪೊಟ್ಟಣ, ಲೀಟರಿನ ಎರಡು ಬಾಟಲಿ, ಸೀಟಿ. ಐಸು ಕೊಡುವ ಅಂಗಡಿಯ, ಹಾಲಿನ ಡೇರಿಯ ಫೋನ್ ನಂಬರು ಮುಚ್ಚಳದ ಒಳಗೆ ಬರೆದಿರಲಿ. ಮಾರ್ಚಿನಲ್ಲಿ ಒಮ್ಮೆ ಒಬ್ಬ ಹುಡುಗನನ್ನು ಮಲಗಿಸಿ ತಾಡಪತ್ರಿ ಎತ್ತಿ ಅಭ್ಯಾಸ ಮಾಡಿ. ನೀರು ತುಂಬಿದಾಗ ಅದರ ಭಾರ ಎಷ್ಟೆಂದು ಎತ್ತಿದವರಿಗೇ ತಿಳಿಯುವುದು.

ಓಆರ್‌ಎಸ್, ಇನ್ಸುಲಿನ್, ಫ್ಯಾನು

ಪೊಟ್ಟಣದಲ್ಲಿ 20.5 ಗ್ರಾಂ ಪುಡಿ ಇರುತ್ತದೆ, ಅದು ಸರಿಯಾಗಿ ಒಂದು ಲೀಟರ್ ನೀರಿಗೆ. ಲೋಟಕ್ಕೆ ಸ್ವಲ್ಪ ಸ್ವಲ್ಪ ಉದುರಿಸಿ ಕುಡಿಸುವುದು ಎಲ್ಲೆಡೆ ಕಾಣುವ ತಪ್ಪು, ಗಟ್ಟಿಯಾದರೆ ಕೂಸಿಗೆ ಉಪ್ಪು ಏರಿ ಸೆಳವು ಬರಬಹುದು. ಪೂರ್ತಿ ಪೊಟ್ಟಣ, ಪೂರ್ತಿ ಲೀಟರ್, 24 ಗಂಟೆ ಆದ ಮೇಲೆ ಚೆಲ್ಲಿ. ಸಿಗದಿದ್ದರೆ ಲೀಟರಿಗೆ ಮಟ್ಟಸವಾಗಿ ಆರು ಟೀ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಓಆರ್‌ಎಸ್ ಹೆಸರು ಹೊತ್ತ ಸಿಹಿ ಪೇಯಗಳ ಡಬ್ಬಿ ಅದಲ್ಲ. ಸೂತ್ರ ಪಾಲಿಸದ ಪೇಯಕ್ಕೆ ಆ ಹೆಸರು ಹಾಕಕೂಡದೆಂದು ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ 2025ರ ಅಕ್ಟೋಬರಿನಲ್ಲಿ ಆದೇಶಿಸಿದೆ. ಆರು ತಿಂಗಳೊಳಗಿನ ಕೂಸಿಗೆ ಎಷ್ಟೇ ಸೆಕೆಯಾದರೂ ನೀರು ಬೇಡ, ಎದೆಹಾಲನ್ನೇ ಹೆಚ್ಚು ಸಲ ಕೊಡಬೇಕು, ನೀರು ಕುಡಿಯಬೇಕಾದವಳು ತಾಯಿ.

ಇನ್ಸುಲಿನ್ ಬಳಸುವವರ ಮನೆಯಲ್ಲಿ ಫ್ರಿಜ್ ಇಲ್ಲದಿದ್ದರೆ ಎರಡು ಮಡಕೆ ಸಾಕು. ದೊಡ್ಡದರೊಳಗೆ ಮರಳು ಹಾಕಿ ಚಿಕ್ಕದನ್ನು ಕೂರಿಸಿ, ನಡುವಿನ ಮರಳಿಗೆ ದಿನಕ್ಕೆರಡು ಸಲ ನೀರು ಹಾಕಿ, ಒದ್ದೆ ಬಟ್ಟೆ ಮುಚ್ಚಿ ಗಾಳಿಯಾಡುವ ನೆರಳಲ್ಲಿಡಿ. ಬಾಟಲಿಯನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿಡಿ, ನೀರು ತಾಗಬಾರದು. ಒಣ ಹವೆಯಲ್ಲಿ ಇದು ಚೆನ್ನಾಗಿ ನಡೆಯುತ್ತದೆ. ಮೇ ಕೊನೆಗೆ ಮೋಡ ಕಟ್ಟಿ ತೇವ ಹೆಚ್ಚಿದಾಗ ಅಷ್ಟು ತಂಪು ಸಿಗದು, ಆಗ ಆರೋಗ್ಯ ಉಪಕೇಂದ್ರದ ಫ್ರಿಜ್‌ನಲ್ಲಿ ಇಡಲು ಕೇಳಿಕೊಳ್ಳಿ.

ಕೋಣೆ 40 ಡಿಗ್ರಿ ದಾಟಿದ ಮೇಲೆ ಬರೀ ಫ್ಯಾನು ಒಲೆಯ ಗಾಳಿಯನ್ನೇ ಮೈಗೆ ಊದುತ್ತದೆ. ಮೈ, ಬಟ್ಟೆ ಒದ್ದೆ ಮಾಡಿಕೊಂಡು ಕೂತರೆ ಮಾತ್ರ ಉಪಯೋಗ. ಕಿಟಕಿ ಹಗಲು ಮುಚ್ಚಿ ಗೋಣಿತಟ್ಟಿನ ಒದ್ದೆ ಪರದೆ ಕಟ್ಟಿ, ಸೂರ್ಯ ಇಳಿದ ಮೇಲೆ ಎಲ್ಲ ತೆರೆಯಿರಿ.

ಸುದ್ದಿ ಮುಟ್ಟಿಸುವುದು, ಲೆಕ್ಕ ಇಡುವುದು

ಮುನ್ಸೂಚನೆ ವಾಟ್ಸ್‌ಆ್ಯಪಿನಲ್ಲಿ ಬಂದು ಅಲ್ಲೇ ಉಳಿದರೆ ಒಂಟಿ ಅಜ್ಜಿಗೆ ಮುಟ್ಟುವುದಿಲ್ಲ. ಕಸದ ಗಾಡಿಯ ಮೈಕು ದಿನಾ ಬೆಳಗ್ಗೆ ಓಣಿ ಓಣಿ ಸುತ್ತುತ್ತದೆ, ಅದರಲ್ಲೇ ಹೇಳಿಸಿ. ಹಿಂದಿನ ಸಂಜೆ ದೇವಸ್ಥಾನ, ಮಸೀದಿಯ ಮೈಕಿನಲ್ಲೂ ಆಗಲಿ. ಮಾತು ಚಿಕ್ಕದಾಗಿರಲಿ: ‘ನಾಳೆ 43 ಡಿಗ್ರಿ. ಹನ್ನೊಂದರಿಂದ ನಾಲ್ಕರವರೆಗೆ ಹೊಲಕ್ಕೆ ಹೋಗಬೇಡಿ. ಶಾಲೆಯ ತಂಪು ಕೋಣೆ ತೆರೆದಿದೆ.’ ಆ ಕೋಣೆಗೆ ಯಾವ ಜಾತಿಯವರು ಬರಲೂ ಅಳುಕಬಾರದು. ಗುಡಿ ಇರಲಿ ಮಠ ಇರಲಿ, ಎಲ್ಲರೂ ಕಾಲಿಡಲಾರದ ಜಾಗವನ್ನು ತಂಪು ಕೋಣೆಯಾಗಿ ಆರಿಸಲೇಬೇಡಿ. ಅರಿವು ಕೇಂದ್ರ (ಪಂಚಾಯಿತಿಯ ಗ್ರಂಥಾಲಯ), ಶಾಲೆ ಒಳ್ಳೆಯದು. ನೀರು, ಚಾಪೆ, ಶೌಚಾಲಯ ಇರಬೇಕು, ಕೀಲಿ ಇಬ್ಬರ ಬಳಿ ಇರಬೇಕು.

ಮಾರ್ಚ್ 1ರಿಂದ ಬಿಸಿಲಿನ ಕಾಯಿಲೆಗಳನ್ನು ಆಸ್ಪತ್ರೆಗಳು ವರದಿ ಮಾಡುತ್ತವೆ. ಮನೆಯಲ್ಲೇ ಆದ ಸಾವು ಅದರಲ್ಲಿ ಸೇರುವುದಿಲ್ಲ. ಬೇಸಿಗೆಯಲ್ಲಿ ಯಾರೇ ತೀರಿಕೊಂಡರೂ ಎಲ್ಲಿ, ಎಷ್ಟು ಹೊತ್ತಿಗೆ, ಚಾವಣಿ ಯಾವುದು, ಮೈ ಮುಟ್ಟಿದಾಗ ಸುಡುತ್ತಿತ್ತೇ, ಹಿಂದಿನ ದಿನ ಏನು ಕೆಲಸ ಮಾಡಿದ್ದರು ಎಂಬ ನಾಲ್ಕು ಸಾಲನ್ನು ಆಶಾ ಬರೆದು ವೈದ್ಯಾಧಿಕಾರಿಗೆ ಕೊಡಲಿ.

ಮೋಡ ಕಟ್ಟಿದ ಮೇಲೆ

ಏಪ್ರಿಲ್, ಮೇ ತಿಂಗಳ ಅಡ್ಡಮಳೆ ತಂಪಿನ ಜೊತೆ ಸಿಡಿಲನ್ನೂ ತರುತ್ತದೆ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ‘ದಾಮಿನಿ’ ಆ್ಯಪನ್ನು ಕುರಿಗಾಹಿಗಳ, ಕಾಯಕ ಬಂಧುಗಳ ಮೊಬೈಲಿಗೆ ಹಾಕಿಕೊಡಿ. ಮಿಂಚು ಕಂಡು ಮೂವತ್ತು ಎಣಿಸುವುದರೊಳಗೆ ಗುಡುಗು ಕೇಳಿದರೆ ಮರದಡಿ ನಿಲ್ಲದೆ ಪಕ್ಕಾ ಕಟ್ಟಡ ಸೇರಬೇಕು, ಕೊನೆಯ ಗುಡುಗಾಗಿ ಅರ್ಧ ಗಂಟೆ ಹೊರಬರಬಾರದು.

ಡೆಂಗಿಯೂ ಬೇಸಿಗೆಯ ನೀರಿನ ಕೊರತೆಯಿಂದಲೇ ಹುಟ್ಟಿಕೊಳ್ಳುತ್ತದೆ. ವಾರಕ್ಕೊಮ್ಮೆ ನೀರು ಬಿಡುವ ಊರಲ್ಲಿ ಜನ ಡ್ರಮ್ಮು, ಸಿಮೆಂಟ್ ತೊಟ್ಟಿ ತುಂಬಿಡುತ್ತಾರೆ, ಅಲ್ಲೇ ಈಡಿಸ್ ಸೊಳ್ಳೆ ಮೊಟ್ಟೆ ಇಡುತ್ತದೆ. ಮೊಟ್ಟೆ ಸೊಳ್ಳೆಯಾಗಲು ಏಳರಿಂದ ಹತ್ತು ದಿನ, ಆದ್ದರಿಂದ ವಾರಕ್ಕೊಂದು ದಿನ ಗೊತ್ತು ಮಾಡಿ ಊರಿಗೆ ಊರೇ ಪಾತ್ರೆ ಬರಿದು ಮಾಡಬೇಕು. ಬರೀ ಬೋರಲು ಹಾಕಿದರೆ ಸಾಲದು. ಮೊಟ್ಟೆಗಳು ನೀರಿನ ಅಂಚಿನ ಗೋಡೆಗೆ ಅಂಟಿಕೊಂಡು ತಿಂಗಳುಗಟ್ಟಲೆ ಒಣಗಿಯೂ ಬದುಕುತ್ತವೆ, ನಾರಿನಿಂದ ಉಜ್ಜಿ ತೊಳೆಯಬೇಕು. ನೀರು ತುಂಬಿದ ಪಾತ್ರೆಯ ಬಾಯಿಗೆ ಹಳೆಯ ಧೋತರ ಬಿಗಿಯಾಗಿ ಕಟ್ಟಿ. 2024ರಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿ, ಸೊಳ್ಳೆ ಬೆಳೆಯಲು ಬಿಟ್ಟವರಿಗೆ ದಂಡದ ನಿಯಮವನ್ನೂ ತಂದಿದೆ.

ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಒಂದು ಮಧ್ಯಾಹ್ನ ಆಶಾ, ನೀರುಗಂಟಿ, ಕಾಯಕ ಬಂಧು, ಪಿಡಿಒ ಕೂತು ಪಟ್ಟಿ ಬಿಚ್ಚಲಿ. ಯಾವ ಮನೆಗೆ ಯಾರೂ ಹೋಗಲಾಗಲಿಲ್ಲ, ಯಾವ ಅರವಟ್ಟಿಗೆ ಏಪ್ರಿಲ್‌ನಲ್ಲೇ ಬತ್ತಿತು, ಯಾವ ಪೆಟ್ಟಿಗೆಯ ತಾಡಪತ್ರಿಯನ್ನು ರಾಶಿ ಮುಚ್ಚಲು ಒಯ್ದು ತಿರುಗಿ ತರಲಿಲ್ಲ ಎಂದು ಕೆಂಪು ಪೆನ್ನಿನಲ್ಲಿ ಬರೆದಿಡಿ. ಬರುವ ಫೆಬ್ರುವರಿಯ ಕೆಲಸ ಆ ಹಾಳೆಯಿಂದಲೇ ಶುರುವಾಗಬೇಕು.